ಒಣಶೆಟ್ಲಿಯವರ ಒಂದೇ ಹಾಡು

ಮೊಬೈಲಿನ ಗುಂಪಿನಲ್ಲಿ ಪ್ರಶ್ನೆ ಬಂದಾಗ ಉದಯನ ಗಾಡಿ ಅಂಕೋಲೆಯ ಐಸ್ ಫ್ಯಾಕ್ಟರಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಲೋಡಿಂಗಿನ ಸುಕ್ರ ಕಬ್ಬಿಣದ ಕೊಕ್ಕೆಯಿಂದ ಐಸಿನ ದಿಮ್ಮಿಗಳನ್ನು ಜಾರಿಸಿ ತಂದು ಹಿಂದೆ ಇಳಿಸುತ್ತಿದ್ದ. ಒಂದೊಂದು ದಿಮ್ಮಿ ಬಿದ್ದಾಗಲೂ ಗಾಡಿ ಚೂರು ಕುಗ್ಗಿ, ಡ್ರೈವರ್ ಸೀಟಿನಲ್ಲಿ ಕೂತಿದ್ದ ಉದಯನ ಕೈಯಲ್ಲಿ ಮೊಬೈಲಿನ ಅಕ್ಷರಗಳು ಅಲುಗುತ್ತಿದ್ದವು.

"ಗಾಯಕಿ: ಓನಾ ಶೆಟ್ಲಿ. ದೇಶ: ಬಹುಶಃ ಗೋವಾ. ಈಕೆಯ ಒಂದೇ ಹಾಡು ಸಿಕ್ಕಿದೆ. ಹಾಡು ತಟ್ಟನೆ ನಿಲ್ಲುವ ಮೊದಲು ಹಿಂದಿನಿಂದ ಯಾರೋ ಒಂದು ಶಬ್ದ ಕೂಗುತ್ತಾರೆ. ಆ ಶಬ್ದ ಯಾವುದು?"

ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಉದಯ ಅದನ್ನು ಬೇರೆಯವರು ಓದುವ ಹಾಗೆಯೇ ಓದಿದ. ಕತ್ತರಿಸಿದ ಕೂದಲಿನ, ಸಿಗರೇಟು ಸೇದುವ ಒಬ್ಬ ಹೆಂಗಸು ಒಂದು ಗಳಿಗೆ ಅವನ ಕಣ್ಣ ಮುಂದೆ ಬಂದಳು. ಈಕೆಯ ಬಗ್ಗೆ ನಾನು ಕೇಳಿಯೇ ಇಲ್ಲವಲ್ಲ ಎಂದುಕೊಂಡು ಹಾಡು ಹಾಕಿದ.

ಮೊದಲು ತಗಡಿನ ಮೇಲೆ ಮಳೆ. ಆಮೇಲೆ ಪ್ಲಾಸ್ಟಿಕ್ಕಿನ ಮೇಲೆ ಕೋಲಿನ ಏಟು. ಆಮೇಲೆ ಗಿಟಾರು. ಗಿಟಾರಿನ ನಾಲ್ಕನೇ ತಂತಿ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗಿತ್ತು. ಎಷ್ಟು ಬಿಗಿದರೂ ಮತ್ತೆ ಜಾರುತ್ತಿದ್ದ ಆ ತಂತಿಯನ್ನು ಬಿಗಿದು ಬಿಗಿದು ಅವನ ಬೆರಳು ಒಡೆದಿತ್ತು. ಆ ತಂತಿ ಅವನಿಗೆ ಗೊತ್ತು.

ಸುಕ್ರ ಹಿಂದಿನಿಂದ ಬಂದು ಕಿಟಕಿಯಲ್ಲಿ ತಲೆ ಹಾಕಿದ. "ಬೆಲ್ಟ್ ಹೋಗ್ಯದೆ ನೋಡು ಉದಯಾ. ಗಾಡಿ ಬಂದ್ ಮಾಡು."

"ಗಾಡಿ ಬಂದೇ ಅದೆ."

"ಮತ್ತೆ ಕಿರುಚೂದು ಯಂತದು?"

"ನಾನು," ಎಂದ ಉದಯ.

ಸುಕ್ರ ಅವನ ಮುಖವನ್ನೂ ಮೊಬೈಲನ್ನೂ ನೋಡಿದ. ಇನ್ನೇನಾದರೂ ಹೇಳುತ್ತಾನೆಂದು ಕಾದ. "ಹುಷಾರಿಲ್ದಿದ್ರೆ ಒಂದಿನ ಮನಿಕೋ ಮಾರಾಯಾ. ಐಸೇನು ಓಡಿಹೋಗೂದಿಲ್ಲ, ಕರಗೂದು ಅಷ್ಟೇ," ಎಂದು ಹೇಳಿ ಮುಂದಿನ ದಿಮ್ಮಿಗೆ ಹೋದ.

ಓನಾ ಶೆಟ್ಲಿ ಎಂಬ ಹೆಂಗಸು ಇರಲಿಲ್ಲ. ಒಣಶೆಟ್ಲಿ ಇತ್ತು. ಕಾರವಾರ, ಅಂಕೋಲೆಯ ಕಡೆ ಸಿಗಡಿಗೆ ಶೆಟ್ಲಿ ಎನ್ನುತ್ತಾರೆ. ಬಿಸಿಲಲ್ಲಿ ಒಣಗಿಸಿಟ್ಟರೆ ಒಣಶೆಟ್ಲಿ. ಉದಯ ಮತ್ತು ಅವನ ದೋಸ್ತ ಸೂರಜ್ ಹಿಂದೊಮ್ಮೆ ಹಾಡುತ್ತಿದ್ದ ಶೆಡ್ಡಿಗೆ ಅದರದೇ ವಾಸನೆ, ಮನೆಗೆ ಹೋಗಿ ಸ್ನಾನ ಮಾಡಿದರೂ ಬಿಡುತ್ತಿರಲಿಲ್ಲ. ಬ್ಯಾಂಡಿಗೆ ಹೆಸರಿಟ್ಟವನು ಸೂರಜ್. "ಬೇರೆಯವ್ರ ಹೆಸ್ರು ಕೇಳಿದ್ರೆ ಹೆದರ್ಕೆ ಆಗ್ಬೇಕು ಅಂತ ಇಡ್ತಾರೆ. ನಮ್ದು ಕೇಳಿದ್ರೆ ಹಸಿವಾಗ್ಬೇಕು," ಎಂದಿದ್ದ.

ಪ್ರಶ್ನೆ ಕೇಳಿದ ಗುಂಪಿನಲ್ಲಿ ಅರವತ್ತು ಜನರಿದ್ದರು. ಯಾರ ಮುಖವನ್ನೂ ಉದಯ ನೋಡಿರಲಿಲ್ಲ. ಯಾರೂ ಕೇಳದೆ ಹೋದ ಹಾಡುಗಳ ಕುರಿತು ಸಣ್ಣ ಸಣ್ಣ ಸಂಗತಿಗಳನ್ನು ಕೂಡಿಡುವುದು ಆ ಗುಂಪಿನ ಕೆಲಸ. ಪಂಕ್, ಗ್ಯಾರೇಜ್ ಎನ್ನುವ ಒರಟು ರಾಕ್ ಸಂಗೀತ, ಅದರ ಅಕ್ಕಪಕ್ಕದ್ದು. ಮೂರು ಸ್ವರ ಕಲಿತ ಕೂಡಲೇ ಅವಸರದಲ್ಲಿ ಹಾಡು ಮಾಡಿದವರು, ಸ್ವಂತ ಊರಲ್ಲೂ ಹೆಸರು ಮಾಡದವರು, ಒಂದು ರೆಕಾರ್ಡು ತಂದು ಆಮೇಲೆ ಬಸ್ ಡ್ರೈವರೋ ದಂತವೈದ್ಯರೋ ಆದವರು. ಒಂದು ಹಾಡಿನ ನಡುವೆ ನಾಯಿ ಬೊಗಳುತ್ತದೆ. ರೆಕಾರ್ಡಿನ ಹೊದಿಕೆ ಅಚ್ಚು ಹಾಕಿದವನು ಆ ನಾಯಿಯ ಹೆಸರನ್ನು ಬೇಸ್ ಗಿಟಾರ್ ನುಡಿಸಿದವನ ಹೆಸರೆಂದು ತಿಳಿದು ಮುದ್ರಿಸಿಬಿಟ್ಟಿದ್ದ. ಇನ್ನೊಂದು ಹಾಡನ್ನು ಬಟ್ಟೆ ಒಗೆಯುವ ಅಂಗಡಿಯಲ್ಲಿ ರೆಕಾರ್ಡ್ ಮಾಡಿದ್ದರು. ಯಂತ್ರ ತಿರುಗುವ ಲಯಕ್ಕೇ ಡ್ರಮ್ಮು ಬಾರಿಸಿದ್ದರಿಂದ ಯಂತ್ರ ನಿಂತಲ್ಲಿ ಹಾಡೂ ನಿಂತಿತು. ಇಂಥವು.

ಉದಯನಿಗೆ ಹಾಡಿಗಿಂತ ಹಾಡಿನ ಅಂಚಿನಲ್ಲಿ ಸಿಕ್ಕಿಕೊಂಡವರ ಮೇಲೆ ಪ್ರೀತಿ. ಬಾಗಿಲು ತೆರೆದು ಬಂದವರು, ಕೆಮ್ಮಿದವರು, ಇನ್ನೂ ಆಗಲಿಲ್ಲವಾ ಎಂದು ಕೇಳಿದ ತಾಯಂದಿರು. ಎಲ್ಲೋ ಸಮುದ್ರದಾಚೆ ಸತ್ತು ಎಷ್ಟೋ ಕಾಲವಾದ ನಾಯಿಯ ಹೆಸರು ಅವನಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಅವನ ಬಾಡಿಗೆ ಕೋಣೆಗೆ ಅಂಟಿಕೊಂಡ ಕೋಣೆಯಲ್ಲಿ ಯಾರಿದ್ದಾರೆ ಎಂಬುದು ಗೊತ್ತಿರಲಿಲ್ಲ. ಅವರು ಬೆಳಿಗ್ಗೆ ಬಾಗಿಲು ಹಾಕುವ ಶಬ್ದ ಮಾತ್ರ ಗೊತ್ತು.

ಗುಂಪಿನಲ್ಲಿ ಅವನ ಹೆಸರು ಬಂಗಡೆ. ಅವರು ಅದನ್ನು ಬ್ಯಾಂಗ್ ಡೇ ಎಂದು ಓದಿಕೊಂಡಿದ್ದರು. ಬಹಳ ಒಳ್ಳೆಯ ಹೆಸರು ಎಂದಿದ್ದರು. ಅದು ಮೀನು ಎಂದು ಹೇಳುವ ಪ್ರಸಂಗ ಬಂದಿರಲಿಲ್ಲ.

*

ಕಾರವಾರದ ಐಟಿಐಯಲ್ಲಿ ಉದಯ ಮತ್ತು ಸೂರಜ್ ಒಂದೇ ಬೆಂಚು. ಉದಯನದು ಅಂಕೋಲೆಯ ಹತ್ತಿರದ ಹಳ್ಳಿ. ಮನೆಯವರು ಬೇರೆಯವರ ಗದ್ದೆಗೆ ಹೋಗುವವರು, ಮನೆಮಾತು ಕನ್ನಡ. ಸೂರಜನದು ಬೈತಖೋಲ, ಮೀನು ಹಿಡಿಯುವ ಮನೆ, ಒಳಗೆಲ್ಲ ಕೊಂಕಣಿ. ಇಬ್ಬರೇ ಇದ್ದಾಗ ಅವರು ಕನ್ನಡವನ್ನೇ ಆಡುತ್ತಿದ್ದರು. ಉದಯನ ಆಗಿನ ಕೊಂಕಣಿ ಬಸ್ಸಿನಲ್ಲಿ ಸೀಟು ಕೇಳುವಷ್ಟರದು.

ಗಿಟಾರನ್ನು ಸುಂಕೇರಿಯ ಹುಡುಗನೊಬ್ಬ ಕೊಟ್ಟಿದ್ದ. ಡ್ರಮ್ಮು ಕೊಡುವವರು ಯಾರೂ ಇರಲಿಲ್ಲ. ಸೂರಜ್ ಮೀನಿನ ಕ್ರೇಟುಗಳನ್ನು ಬೋರಲು ಹಾಕಿದ, ಪಕ್ಕದಲ್ಲಿ ಡೀಸೆಲಿನ ಖಾಲಿ ಪೀಪಾಯಿ ನಿಲ್ಲಿಸಿದ. ಜೂನ್, ಜುಲೈಯಲ್ಲಿ ಸರಕಾರ ಮೀನುಗಾರಿಕೆ ನಿಲ್ಲಿಸುತ್ತದೆ, ಬೋಟುಗಳು ದಡ ಸೇರುತ್ತವೆ. ಸೂರಜನ ಮಾವ ತುಳಸಿದಾಸನ ಬಲೆ ಇಡುವ ಶೆಡ್ಡಿನಲ್ಲಿ ಬೆಳಿಗ್ಗೆ ಬಲೆ ರಿಪೇರಿ ನಡೆದು, ಮಧ್ಯಾಹ್ನದ ಮೇಲೆ ಯಾರೂ ಇರುತ್ತಿರಲಿಲ್ಲ. ಆ ಎರಡು ತಿಂಗಳೇ ಒಣಶೆಟ್ಲಿಯ ಆಯುಷ್ಯ.

ಹಾಡು ಎಂದರೆ ಉದಯ ದಿನವೂ ಬರುವ ಬಸ್ಸಿನ ಸ್ಟಾಪುಗಳು. ಹಟ್ಟಿಕೇರಿ, ಅವರ್ಸಾ, ಹಾರವಾಡ, ಅಮದಳ್ಳಿ, ಚೆಂಡಿಯಾ, ಅರ್ಗಾ, ಬಿಣಗಾ. ಕಂಡಕ್ಟರ್ ಕೂಗುವುದಕ್ಕಿಂತ ಎರಡು ಪಾಲು ಜೋರಾಗಿ ಉದಯ ಕೂಗಬೇಕು, ಸೂರಜ್ ಬಾರಿಸಬೇಕು, ಕೊನೆಗೆ ಇಬ್ಬರೂ ಸೇರಿ ಕಾರವಾರ ಎಂದು ಕಿರುಚಬೇಕು. ಕಾರವಾರ ಬರುವ ಮೊದಲು ಗಿಟಾರು ಒಂದೇ ಸ್ವರದ ಮೇಲೆ ನಿಲ್ಲಬೇಕು. ಎಷ್ಟು ಹೊತ್ತು ಎಂಬುದೇ ಜಗಳ. ಸೂರಜನಿಗೆ ಅದು ಬಿಣಗಾದ ಘಟ್ಟ ಇಳಿಯುವಷ್ಟು ಉದ್ದ ಬೇಕು. ಉದಯನಿಗೆ ಅಷ್ಟು ಹೊತ್ತು ಒಂದೇ ಸ್ವರ ಹಿಡಿದು ನಿಂತರೆ ನಾಚಿಕೆಯಾಗುತ್ತಿತ್ತು.

ಕೊನೆಯ ದಿನವೂ ಅದೇ ಜಗಳ. "ನೀ ಪ್ರತಿ ಸಲ ಮೊದ್ಲೇ ನಿಲ್ಲಿಸ್ತೆ, ಉದ್ಯಾ. ಹೆದ್ರುಪುಕ್ಕ," ಎಂದ ಸೂರಜ್. "ನಿನ್ ಕ್ರೇಟು ಬಸ್ಸಿನಕಿಂತ ಮುಂದೆ ಹೋತದೆ, ಅದನ್ನ ಮೊದ್ಲು ನೋಡ್ಕೋ," ಎಂದ ಉದಯ. ಇಬ್ಬರಿಗೂ ಸಿಟ್ಟು ಬಂದಿತ್ತು. ಸಿಟ್ಟಿನಲ್ಲೇ ಮತ್ತೆ ಶುರು ಮಾಡಿದರು. ಸೂರಜನ ಮೊಬೈಲು ಬಲೆಯ ರಾಶಿಯ ಮೇಲೆ ರೆಕಾರ್ಡ್ ಮಾಡುತ್ತ ಬಿದ್ದಿತ್ತು. ಬಿಣಗಾ ಬಂತು, ಸ್ವರ ಬಂತು, ಆಗ ಸೂರಜ್ ಹಿಂದಿನಿಂದ ಕೂಗಿದ.

ಓಡು.

ಉದಯ ತಿರುಗಿ ನೋಡಿದ. ಸೂರಜನ ಕಣ್ಣು ಮುಚ್ಚಿತ್ತು, ಹಲ್ಲು ಕಚ್ಚಿದ್ದ. ಇಷ್ಟು ಸಿಟ್ಟೇ ಇವನಿಗೆ ಎಂದುಕೊಂಡ. ಅಂಗಳಕ್ಕೆ ಬಂದ ನಾಯಿಗೆ ಹೇಳುವ ಹಾಗೆ, ಅವನದೇ ಮಾವನ ಶೆಡ್ಡು, ಅವನದೇ ಊರು, ಓಡು ಇಲ್ಲಿಂದ. ಉದಯ ಗಿಟಾರನ್ನು ಬಲೆಯ ಮೇಲೆ ಮಲಗಿಸಿ, ಛತ್ರಿ ಕೂಡ ತೆಗೆದುಕೊಳ್ಳದೆ ಹೊರಬಿದ್ದ. ಬೆನ್ನ ಹಿಂದೆ ಕ್ರೇಟಿನ ಸದ್ದು ನಿಂತಿರಲಿಲ್ಲ. ಅದೂ ಒಂದು ಉತ್ತರ ಎನಿಸಿತು.

ಓಡು ಎಂದವನು ಬಾ ಎನ್ನಬೇಕು ಎಂದು ಉದಯ ಕಾದ. ಫೋನು ಬರಲಿಲ್ಲ. ಆಗಸ್ಟಿನಲ್ಲಿ ಬೋಟುಗಳು ಇಳಿದವು, ಶೆಡ್ಡು ತುಂಬಿತು. ಸೂರಜ್ ಗೋವಾಕ್ಕೆ ಹೋದನಂತೆ ಎಂದು ಯಾರೋ ಹೇಳಿದರು. ಇನ್ನೆಷ್ಟೋ ವರ್ಷದ ಮೇಲೆ, ವಾಪಸ್ ಬಂದು ದೇವಬಾಗದಲ್ಲಿ ಟೂರಿಸ್ಟ್ ಬೋಟ್ ನಡೆಸುತ್ತಾನಂತೆ ಎಂದರು. ದೇವಬಾಗ ಕಾಳಿ ನದಿಯ ಆಚೆ ದಡ. ಉದಯ ದಿನವೂ ಐಸು ತಲುಪಿಸುವ ಬೈತಖೋಲದಿಂದ ಅರ್ಧ ತಾಸಿನ ದಾರಿಯೂ ಅಲ್ಲ. ಅವನ ಗಾಡಿ ಸೇತುವೆ ದಾಟಿರಲಿಲ್ಲ. ಆಮೇಲೆ ಬೇರೆ ದೋಸ್ತರು ಆಗಲಿಲ್ಲವೆಂದೇನಲ್ಲ. ಆದರೆ ಯಾರಾದರೂ ಹತ್ತಿರ ಬಂದರೆ, ಇವನೂ ಒಂದು ದಿನ ಆ ಶಬ್ದ ಹೇಳುತ್ತಾನೆ ಎಂದು ಅವನು ಕಾಯುತ್ತಿದ್ದ. ಕಾಯುವವನ ಜೊತೆ ಯಾರಿಗೂ ಬಹಳ ದಿನ ಕೂರಲು ಆಗುವುದಿಲ್ಲ.

*

ಐಸು ತುಂಬಿದ ಗಾಡಿಯನ್ನು ಅವರ್ಸಾದ ಹತ್ತಿರ ಪಕ್ಕಕ್ಕೆ ಹಾಕಿ ಅವನು ಉತ್ತರಗಳನ್ನು ಓದಿದ.

ಎಲ್ಲರೂ ಒಂದೇ ಉತ್ತರ ಬರೆದಿದ್ದರು: ಆಡ್. ಇಂಗ್ಲಿಷಿನಲ್ಲಿ ವಿಚಿತ್ರ ಎಂಬ ಅರ್ಥದ ಶಬ್ದ. ಹಾಡಿಗೂ ಅದೇ ಹೆಸರಿಟ್ಟಿದ್ದರು. ಒಬ್ಬ, ಹಾಡಿನ ಸಾಲುಗಳು ಹಳೆಯ ಪೋರ್ಚುಗೀಸಿನ ಮಂತ್ರ ಎಂದಿದ್ದ. ಇನ್ನೊಬ್ಬಳು, ಮೊದಲಿನಿಂದ ಕೊನೆಯವರೆಗೆ ಬರುವ ಸುಯ್ಯೆನ್ನುವ ಸದ್ದು ಟೇಪನ್ನು ಬೇಕೆಂದೇ ಕೆಡಿಸಿ ಮಾಡಿದ್ದು, ಆ ಕಾಲಕ್ಕೆ ಅದು ದೊಡ್ಡ ಧೈರ್ಯ ಎಂದಿದ್ದಳು. ಓನಾ ಗೋವಾದ ಒಂದು ಸಿರಿವಂತ ಮನೆಯವಳು, ಮದುವೆ ತಪ್ಪಿಸಿಕೊಂಡು ಓಡಿದವಳು ಎಂದು ಮೂರನೆಯವನು.

ಉದಯ ಬರೆದ: ಅದು ಹೆಂಗಸಿನ ಹೆಸರಲ್ಲ, ಒಣಗಿದ ಸಿಗಡಿ. ಆ ಸದ್ದು ಮಳೆ. ಮಂತ್ರವಲ್ಲ, ಬಸ್ ಸ್ಟಾಪು. ಶಬ್ದ ಆಡ್ ಅಲ್ಲ, ಕನ್ನಡದ ಓಡು. ಡ್ರಮ್ಮಿನವನು ಹಾಡುವವನಿಗೆ ಇಲ್ಲಿಂದ ಹೋಗು ಎಂದು ಹೇಳುತ್ತಿದ್ದಾನೆ, ಅದಕ್ಕೇ ಹಾಡು ಅಲ್ಲಿ ನಿಲ್ಲುತ್ತದೆ.

ಗುಂಪು ಕುಣಿಯಿತು. ನಗುವ ಮುಖಗಳು, ಬೆಂಕಿಯ ಚಿತ್ರಗಳು. ಹಾಡು ನಡೆಯುತ್ತಿರುವಾಗಲೇ ಗಾಯಕನನ್ನು ಹೊರಗೆ ಹಾಕಿದ ದಾಖಲೆ ಬೇರೆ ಎಲ್ಲೂ ಇಲ್ಲ ಎಂದು ಒಬ್ಬ ಬರೆದ. ಇದು ನಾನು ಈ ವರ್ಷ ಕೇಳಿದ ಅತ್ಯುತ್ತಮ ಸಂಗತಿ ಎಂದು ಇನ್ನೊಬ್ಬ. ಉದಯ ಒಂದೊಂದನ್ನೂ ಓದಿದ. ಇಂಥ ಸಂಗತಿಗಳಿಗೆ ತಾನೂ ಹೀಗೆಯೇ ನಗುವ ಮುಖ ಹಾಕುತ್ತಿದ್ದುದು ನೆನಪಾಯಿತು. ಯಂತ್ರ ನಿಂತ ಆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಆಮೇಲೆ ಯಾರು ಯಾರ ಮುಖ ನೋಡಿದರು ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

ಗುಂಪು ನಡೆಸುವವನಿಗೆ ಮಿಸ್ಟರ್ ಹಿಸ್ ಎಂದು ಹೆಸರು. ಅವನು ನಗುವ ಮುಖ ಹಾಕುವವನಲ್ಲ. "ಆಧಾರ?" ಎಂದು ಕೇಳಿದ.

"ಓಡಿದವನು ನಾನು," ಎಂದು ಉದಯ ಬರೆದ.

ಆಮೇಲೆ ಅಭಿನಂದನೆಗಳು ಬಂದವು. ಅದರ ಕೆಳಗೆ ಮಿಸ್ಟರ್ ಹಿಸ್: "ಸಂತೋಷ. ಆದರೆ ನೀವು ಹೇಳುವುದು ನೀವು ಕೇಳಿಸಿಕೊಂಡದ್ದು. ಕೂಗಿದವರನ್ನು ಕೇಳಿ. ಅಲ್ಲಿಯವರೆಗೆ ಉತ್ತರ ಆಡ್."

ಅವನ ಹಟ ಉದಯನಿಗೆ ಸಿಟ್ಟು ತರಿಸಿತು. ಸಾಬೀತು ಮಾಡುವುದಕ್ಕೆಂದೇ ಹಾಡಿನ ಕೊನೆಯನ್ನು ಮತ್ತೆ ಹಾಕಿದ. ಮತ್ತೆ ಹಾಕಿದ. ಇಷ್ಟು ವರ್ಷ ಅವನ ತಲೆಯಲ್ಲಿ ಸೂರಜ್ 'ಓಡು ಇಲ್ಲಿಂದ' ಎನ್ನುತ್ತಿದ್ದ. ರೆಕಾರ್ಡಿನಲ್ಲಿ 'ಇಲ್ಲಿಂದ' ಇರಲಿಲ್ಲ. ಕಿವಿಗೆ ಒತ್ತಿ ಹಿಡಿದು ಕೇಳಿದರೂ ಇರಲಿಲ್ಲ. ಕೊನೆಯ ಉಕಾರವೂ ಇರಲಿಲ್ಲ. ಬಾಗಿಲು ಹಾಕಿದ ಹಾಗೆ, ಬರೀ ಓಡ್.

ಗಾಡಿಯ ಹಿಂದಿನಿಂದ ಕರಗಿದ ನೀರು ರಸ್ತೆಗೆ ಹರಿದು, ಪಕ್ಕದ ಅಂಗಡಿಯವನು ಬಂದು, "ಇಲ್ಲೇ ಕೆರೆ ಮಾಡ್ತ್ಯಾ ಹ್ಯಾಗೆ?" ಎಂದು ಕೇಳಿದ ಮೇಲೆ ಅವನು ಗಾಡಿ ಹೊರಡಿಸಿದ.

*

ಬೈತಖೋಲದ ಧಕ್ಕೆಯಲ್ಲಿ, ಬೋಟು ಕಟ್ಟುವ ಕಟ್ಟೆಯ ಮೇಲೆ, ಲತಾ ಅವನನ್ನೇ ಕಾಯುತ್ತಿದ್ದಳು. ಬೋಟಿನವರಿಂದ ಮೀನು ಸಗಟಾಗಿ ಕೊಂಡು ಊರೊಳಗೆ ಮಾರುವ ಹೆಂಗಸರಿಗೆ ಕೊಡುವವಳು. ಐವತ್ತು ದಾಟಿದ ಹೆಂಗಸು, ತಡ ಮಾಡಿದವರನ್ನು ಬಿಡುವವಳಲ್ಲ.

"ಏ ತಮಾ, ಐಸ್ ತಂದ್ಯಾ, ನೀರ್ ತಂದ್ಯಾ?"

"ದಾರಿ ಮೇಲೆ ನಿಂತಿದ್ದೆ ಅಕ್ಕಾ."

"ಯಾರ್ ಸಂಗ್ತಿಗೆ?"

"ಒಬ್ನೇ."

"ಒಬ್ನೇ ನಿಲ್ಲೂಕೆ ಅಷ್ಟ್ ಹೊತ್ತು ಬೇಕಾ? ಇಬ್ರಿದ್ರೆ ನಾಳೆ ಬತ್ತಿದ್ದೆ ನೀನು." ಅವಳು ಕ್ರೇಟುಗಳನ್ನು ಕಾಲಿನಿಂದ ಸರಿಸಿ ಐಸು ಹಾಕಲು ಜಾಗ ಮಾಡಿದಳು. "ಮದಿ ಆಗೋ. ಮನೇಲಿ ಬೈಯೂಕೆ ಹೆಂಡ್ತಿ ಒಬ್ಳು ಇದ್ರೆ ಗಾಡಿ ಹೊತ್ತಿಗೆ ಸರಿ ಬತ್ತದೆ."

ಆಗ ಒಂದು ಬೋಟು ಧಕ್ಕೆಗೆ ಸರಿಯುತ್ತಿತ್ತು. ಹಗ್ಗ ಎಸೆದರು. ಮೇಲೆ ನಿಂತ ಇಬ್ಬರು ಹಗ್ಗ ಹಿಡಿದು ಹಿಂದಕ್ಕೆ ಬಾಗಿದರು. ಬೋಟಿನ ಮೂತಿಯಲ್ಲಿ ನಿಂತವನು, ಕಣ್ಣು ಕಿರಿದು ಮಾಡಿ, ಹಲ್ಲು ಕಚ್ಚಿ ಕೂಗಿದ.

"ಓಡ್ ರೇ. ಓಡ್."

ಉದಯನ ಕೈಯಲ್ಲಿದ್ದ ಐಸಿನ ಕೊಕ್ಕೆ ಹಾಗೆಯೇ ನಿಂತಿತು. ಈ ಕೂಗನ್ನು ಅವನು ದಿನವೂ ಕೇಳಿದ್ದ. ಅದರ ಅರ್ಥವೂ ಗೊತ್ತಿತ್ತು. ಇಲ್ಲಿಗೆ ಐಸು ತರಲು ಹತ್ತಿದ ಮೇಲೆ ಧಕ್ಕೆಯ ಕೊಂಕಣಿ ತಾನಾಗಿ ಬಂದಿತ್ತು. ಆದರೆ ಅದು ಧಕ್ಕೆಯ ಮಾತು, ಹಗ್ಗದ ಮಾತು. ಸೂರಜ್ ಹೇಳಿದ್ದು ಅವನೊಳಗೆ ಬೇರೆ ಜಾಗದಲ್ಲಿ ಕನ್ನಡವಾಗಿ ಬಿದ್ದುಕೊಂಡಿತ್ತು. ಒಂದರ ಎದುರಿಗೆ ಒಂದನ್ನು ತಂದು ನಿಲ್ಲಿಸುವ ಕಾರಣ ಬಂದಿರಲಿಲ್ಲ.

"ಅಕ್ಕಾ, ಓಡ್ ಅಂದ್ರೆ ಎಳಿ ಅಂತಲ್ವೆ?"

ಲತಾ ಅವನನ್ನು ನೋಡಿದಳು. "ಇಷ್ಟು ವರ್ಷ ಇಲ್ಲೇ ಬತ್ತೆ. ಇವತ್ತು ಕೇಳ್ತೆ?"

"ಹೇಳು."

"ಎಳಿ ಅಂತ. ಮತ್ತೆಂತ? ನಿಮ್ ಅಂಕೋಲೆಯವ್ರಿಗೆ ಓಡ್ ಅಂದ್ರೆ ಓಡೂದು. ನಮ್ಮನಿ ಮದಿ ಆದ ವರ್ಷ, ಅಂಕೋಲಿಯಿಂದ ತಂದ ಸೊಸಿಗೆ ಬಾವಿ ಹಗ್ಗ ಕೊಟ್ಟು ಓಡ್ ಅಂದ್ರೆ, ಪಾಪ ಬಿಂದಿಗಿ ಬಿಟ್ಟು ಮನಿ ಒಳ್ಗೆ ಓಡ್ತು." ಅವಳು ಆ ಸೊಸೆಯನ್ನು ನೆನೆದು ನಕ್ಕಳು. ಉದಯ ನಗದ್ದನ್ನು ನೋಡಿ, "ಎಂತ ಆಯ್ತೋ?" ಎಂದಳು.

"ನಾನೂ ಓಡಿದ್ದೆ ಅಕ್ಕಾ," ಎಂದ ಉದಯ.

"ಯಾವ ಬಾವಿಯಿಂದ?"

ಉದಯ ಗಾಡಿಯ ಕಡೆ ತಿರುಗಿದ. ಐಸನ್ನು ಇಳಿಸಿದ. ಇಳಿಸುವಾಗ ಒಂದೇ ಯೋಚನೆ. ಎಳಿ ಎಂದಿದ್ದರೆ, ಸೂರಜ್ ತನ್ನನ್ನು ಕಳಿಸಿರಲಿಲ್ಲ. ಯಾರೂ ಯಾವತ್ತೂ ಕಳಿಸಿರಲಿಲ್ಲ. ಓಡು ಎಂದಿದ್ದರೆ, ಇಷ್ಟು ವರ್ಷ ತಾನಿದ್ದ ರೀತಿಗೆ ಒಂದು ಕಾರಣವಾದರೂ ಇದ್ದ ಹಾಗೆ. ಎರಡರಲ್ಲಿ ಯಾವುದು ಆಗಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಅವನಿಗೇ ತಿಳಿಯಲಿಲ್ಲ. ತಿಳಿಯದೆಯೇ ಖಾಲಿ ಗಾಡಿಯನ್ನು ಅಂಕೋಲೆಯ ಕಡೆ ತಿರುಗಿಸುವ ಬದಲು ಕಾರವಾರದ ಪೇಟೆ ದಾಟಿಸಿ ಸೇತುವೆ ಹತ್ತಿಸಿದ.

*

ದೇವಬಾಗದ ಗಾಳಿಮರಗಳ ಕೆಳಗೆ ಟೂರಿಸ್ಟರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಹುಬ್ಬಳ್ಳಿ ಕಡೆಯ ದೊಡ್ಡ ಕುಟುಂಬ. ಅವರಿಗೆ ಕಿತ್ತಳೆ ಬಣ್ಣದ ಜಾಕೀಟು ತೊಡಿಸುತ್ತಿದ್ದವನ ಬೆನ್ನನ್ನು ನೋಡಿಯೇ ಉದಯನಿಗೆ ಗೊತ್ತಾಯಿತು. ಬೆನ್ನು ಅಗಲವಾಗಿತ್ತು, ಮೊಣಕೈ ಆಡಿಸುವ ರೀತಿ ಅದೇ.

"ಅಜ್ಜಾರೆ, ಕೈ ಮೇಲೆ ಮಾಡ್ರಿ. ಹಾಂ. ಡಾಲ್ಫಿನ್ ಕಂಡ್ರೆ ಎದ್ದು ನಿಲ್ಬೇಡ್ರಿ, ಡಾಲ್ಫಿನ್ ನಿಮ್ಮನ್ನ ನೋಡ್ಲಿಕ್ಕೇ ಬರೂದು, ಕೂತಿದ್ರೂ ಕಾಣ್ತೀರಿ," ಎನ್ನುತ್ತಿದ್ದ ಸೂರಜ್. ಅವರು ನಕ್ಕರು. ಅವನು ತಿರುಗಿದ. ಉದಯನನ್ನು ನೋಡಿ, ಮೊದಲು ಟೂರಿಸ್ಟನೆಂದೇ ತಿಳಿದು, ಜಾಕೀಟು ತೆಗೆಯಲು ಕೈ ನೀಡಿದ. ಕೈ ಅಲ್ಲೇ ನಿಂತಿತು.

"ಉದ್ಯಾ?"

"ಹಾಂ."

"ಅರೇ. ಎಂತ, ದಾರಿ ತಪ್ಪಿ?"

"ಬೈತಖೋಲಕ್ಕೆ ಬಂದಿದ್ದೆ. ಐಸ್ ಗಾಡಿ."

"ಗೊತ್ತುಂಟು, ಅಮ್ಮ ಹೇಳಿದ್ಲು. ಧಕ್ಕೇಲಿ ಕಾಣ್ತಿ ಅಂತ." ಸೂರಜ್ ಸುತ್ತ ನೋಡಿದ. ಕುಟುಂಬದ ಇನ್ನೂ ಕೆಲವರು ಎಳನೀರಿನ ಹತ್ತಿರ ಇದ್ದರು. "ಅವ್ರು ಬರೂ ತನಕ ಟೈಮ್ ಉಂಟು. ಚಾ ಕುಡಿತ್ಯಾ?"

"ಬೇಡ. ಒಂದ್ ಕೇಳಿಸ್ಬೇಕಿತ್ತು."

ಉದಯ ಮೊಬೈಲು ಕೊಟ್ಟ. ಸೂರಜ್ ಅದನ್ನು ಒಂದು ಕಿವಿಗೆ ಹಿಡಿದು, ಇನ್ನೊಂದು ಕಿವಿಯನ್ನು ಸಮುದ್ರದ ಗಾಳಿಗೆ ಅಂಗೈಯಿಂದ ಮುಚ್ಚಿದ. ಹುಬ್ಬು ಏರಿತು. "ಇದು ಎಲ್ಲಿ ಸಿಕ್ತು? ನಾ ಗೋವಾದಲ್ಲಿ ಇರೂವಾಗ ಸುಮ್ನೆ ನೆಟ್ಟಿಗೆ ಹಾಕಿದ್ದೆ. ಯಾರೂ ಕೇಳ್ಲಿಲ್ಲ."

"ಈಗ ಅರವತ್ತು ಜನ ಕೇಳ್ತಿದ್ರು. ಕೊನೆಗೆ ನೀ ಕೂಗಿದ್ದು ಎಂತ ಅಂತ ಅವ್ರಿಗೆ ಗೊತ್ತಾಗ್ಬೇಕಂತೆ."

"ಕೂಗಿದ್ದು?" ಸೂರಜ್ ಮತ್ತೆ ಕೇಳಿದ. ಯೋಚಿಸಲಿಲ್ಲ ಕೂಡ. "ಓಡ್."

"ಅಂದ್ರೆ?"

"ಅಂದ್ರೆ ಎಂತ? ಎಳಿ ಅಂತ. ಸ್ವರ ಎಳಿ, ಬಿಡ್ಬೇಡ ಅಂತ. ಆವತ್ತು ಹಾಂಗೇ ಹಿಡಿದಿದ್ದಿ ನೀನು, ಅಷ್ಟ್ ಚಂದ ಯಾವತ್ತೂ ಹಿಡ್ದಿರ್ಲಿಲ್ಲ. ಖುಷಿಗೆ ಬಾಯಿಂದ ಮನೆ ಮಾತು ಬಂತು." ಮೊಬೈಲನ್ನು ವಾಪಸ್ ಕೊಡುತ್ತ ಸೂರಜ್ ಕೇಳಿದ, "ಅಷ್ಟಕ್ಕೂ ನೀ ಯಾಕೆ ಬಿಟ್ಟು ಹೋದಿ?"

"ಓಡು ಅಂತ ಕೇಳ್ತು."

ಅದು ಅರ್ಥವಾಗಲು ಸೂರಜನಿಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಅವನು ನಕ್ಕ. ಗಾಳಿಮರಕ್ಕೆ ಕೈ ಕೊಟ್ಟು, ಬಗ್ಗಿ, ಉಸಿರು ಸಿಕ್ಕದ ಹಾಗೆ ನಕ್ಕ. "ಓಡು ಅಂದ್ರೆ ಓಡೂದಾ ಮಾರಾಯಾ. ಒಂದ್ ಮಾತು ಕೇಳೂದಲ್ವಾ?" ಉದಯನೂ ನಕ್ಕ. ಬಹಳ ಕಾಲದ ಮೇಲೆ ಇಬ್ಬರೂ ಒಂದೇ ವಿಷಯಕ್ಕೆ ನಕ್ಕರು, ಮತ್ತು ನಗು ಮುಗಿದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

"ನಂಗೆ ಆಗಿದ್ದು ಬೇರೆ," ಎಂದ ಸೂರಜ್. "ನೀ ಹೋದದ್ದು ನಾ ನೋಡೇ ಇಲ್ಲ. ಕಣ್ಣು ಮುಚ್ಚಿದ್ದೆ. ಗಿಟಾರ್ ನಿಂತಿತು. ಸಿಟ್ಟಲ್ಲಿ ನಿಲ್ಲಿಸಿದ, ಈಗ ಮತ್ತೆ ಹಿಡೀತಾನೆ ಅಂತ ನಾ ಬಾರಿಸ್ತಾನೇ ಇದ್ದೆ."

"ಹಾಡಲ್ಲಿ ಅದು ಇಲ್ವಲ್ಲ. ನಾ ನಿಲ್ಸಿದಲ್ಲೇ ಮುಗೀತದೆ."

"ಅಲ್ಲಿಗೆ ನಾನೇ ಕತ್ತರಿಸಿದ್ದು. ಮುಂದೆ ನಾನೊಬ್ನೇ ಇದ್ದೆ. ಅದನ್ನ ಯಾರ್ ಕೇಳ್ತಾರೆ?"

"ಎಷ್ಟ್ ಹೊತ್ತು ಬಾರಿಸ್ದೆ?"

ಸೂರಜ್ ಕಾಲಿನಿಂದ ಮರಳು ಕೆದರಿದ. "ಗೊತ್ತಿಲ್ಲ. ಕಣ್ಣು ಬಿಟ್ರೆ ಗಿಟಾರ್ ಬಲೆ ಮೇಲಿತ್ತು. ನನ್ ಕ್ರೇಟಿಗೆ ಬೇಜಾರಾಗಿ ಹೋದ ಅಂದ್ಕಂಡೆ. ಮುಂದೆ ಹೋತದೆ ಅಂತ ನೀನೇ ಹೇಳಿದ್ದಿ ಅಲ್ವಾ? ಆಮೇಲೆ ಯಾರ್ ಜೊತೆಗೂ ಬಾರಿಸ್ಲಿಲ್ಲ."

"ಆ ಪೂರ್ತಿ ರೆಕಾರ್ಡ್ ಅದೆಯಾ?"

"ಆ ಮೊಬೈಲು ಗೋವಾದ ಮಾಂಡವಿ ಹೊಳೆಯಲ್ಲಿ ಉಂಟು."

ಉದಯನಿಗೆ ಕೇಳಬೇಕಾದದ್ದು ಇನ್ನೊಂದು ಇತ್ತು. ನೀನೂ ಕಾದೆಯಾ ಎಂದು. ಅದಕ್ಕೆ ಬೇಕಾದ ಮಾತನ್ನು ಹುಡುಕುತ್ತಿರುವಾಗ ಎಳನೀರು ಕುಡಿದವರು ಬಂದರು. ಅಜ್ಜ ಆಗಲೇ ಬೋಟಿನಲ್ಲಿ ಕೂತಿದ್ದರ ಬಗ್ಗೆ ಯಾರೋ ತಕರಾರು ತೆಗೆದರು. ಒಬ್ಬಳು ಹೆಂಗಸು, ಈ ಹೊತ್ತಿಗೆ ಡಾಲ್ಫಿನ್ ಇರುತ್ತವೋ ಇಲ್ಲವೋ ಎಂದು ಕೇಳಿದಳು.

"ಇರ್ತಾವೆ, ಅವಕ್ಕೆ ಬೇರೆ ಕೆಲ್ಸ ಇಲ್ಲ," ಎಂದ ಸೂರಜ್. ಆ ಉತ್ತರವನ್ನು ಅವನು ದಿನಕ್ಕೆ ಹಲವು ಸಲ ಹೇಳುತ್ತಾನೆಂದು ಕೇಳಿದರೆ ತಿಳಿಯುತ್ತಿತ್ತು. ಜಾಕೀಟುಗಳ ಪಟ್ಟಿ ಬಿಗಿದ. ನೀರಿಗಿಳಿದು ಬೋಟನ್ನು ತಳ್ಳಿ ಹಿಡಿದು, ಒಬ್ಬೊಬ್ಬರನ್ನೇ ತೋಳು ಹಿಡಿದು ಹತ್ತಿಸಿದ.

"ಅವ್ರಿಗೆ ಹೇಳೂಕೆ ನಿನ್ ದನಿ ಬೇಕಂತೆ," ಎಂದ ಉದಯ, ಮೊಬೈಲು ಚಾಚಿ. ಅಲೆ ಅವನ ಪ್ಯಾಂಟನ್ನು ಮೊಣಕಾಲಿನವರೆಗೆ ಒದ್ದೆ ಮಾಡಿತ್ತು. "ಒಂದ್ ಸಲ ಹೇಳು. ಇಲ್ದಿದ್ರೆ ಆಡ್ ಅಂತಲೇ ಇಟ್ಕಂತ್ರಂತೆ."

"ಯಾರವ್ರು? ನಿನ್ ದೋಸ್ತರಾ?"

ಉದಯ ಚಾಚಿದ ಮೊಬೈಲನ್ನು ಕೆಳಗಿಳಿಸಿದ. "ಗೊತ್ತಿಲ್ಲ."

"ಹಾಂಗಾದ್ರೆ ಬಿಡು. ಇಟ್ಕಳ್ಳಲಿ. ನಿಂಗೆ ಗೊತ್ತಾಯ್ತಲ್ಲ." ಸೂರಜ್ ಮೇಲೆ ಹತ್ತಿ ಇಂಜಿನ್ನಿನ ಹಗ್ಗಕ್ಕೆ ಕೈ ಹಾಕಿದ. ಇಂಜಿನ್ನು ಕೆಮ್ಮಿ ಹತ್ತಿಕೊಂಡಿತು. ಹೊಗೆಯ ಹಿಂದಿನಿಂದ ಅವನು ದಡದ ಕಡೆ ತಿರುಗಿ ಕೈ ಎತ್ತಿದ. ಅವನ ಮುಖ ಅರಳಿತ್ತು, ಅದರಲ್ಲಿ ಸುಳ್ಳಿರಲಿಲ್ಲ.

"ಮತ್ತೆ ಬನ್ನಿ ಹಾಂ," ಎಂದ.

ಹೇಳಿದ್ದು ಅವನ ಗಮನಕ್ಕೆ ಬರಲಿಲ್ಲ. ದಿನವೂ ಇದೇ ದಡದಲ್ಲಿ ನಿಂತು ಇಳಿದುಹೋಗುವವರಿಗೆಲ್ಲ ಹೇಳುವ ಮಾತು, ಕೈ ಎತ್ತಿದ ಕೂಡಲೇ ತಾನಾಗಿ ಬರುವಂಥದು. ಶೆಡ್ಡಿನಲ್ಲಿ ಅವನು ಬಾರೋ ಎಂದಿದ್ದ, ಹೆದರುಪುಕ್ಕ ಎಂದಿದ್ದ, ಇನ್ನೂ ಹೇಳಬಾರದ್ದೆಲ್ಲ ಎಂದಿದ್ದ. ಬನ್ನಿ ಎಂದಿರಲಿಲ್ಲ. ಈ ಸಲ ಉದಯನಿಗೆ ತಪ್ಪು ಕೇಳಿಸಿರಲಿಲ್ಲ. ಗಾಳಿ ದಡದ ಕಡೆಗೇ ಬೀಸುತ್ತಿತ್ತು, ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

ದೋಸ್ತನಿಗೆ ಹೇಳುವ ಹಾಗೆ ಬತ್ತೆ ಎಂದು ಹೇಳಲು ಅವನು ಬಾಯಿ ತೆರೆದ.

"ಬರ್ತೇನೆ," ಎಂದ.

ಬೋಟು ಅಳಿವೆಯ ಅಲೆಗಳನ್ನು ದಾಟಿ, ಮೂತಿ ಎತ್ತಿ, ಎಡಕ್ಕೆ ಹೊರಳಿತು. ಕಿತ್ತಳೆ ಜಾಕೀಟುಗಳೆಲ್ಲ ಒಂದೇ ಬಣ್ಣವಾಗಿ ಕಾಣುವವರೆಗೆ ಉದಯ ನೀರಿನಲ್ಲೇ ನಿಂತಿದ್ದ.